ಅಲುಗದ ಕೈ, ನಿಚ್ಚಳ ಚಿತ್ರ

ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಒಂದು ಕೈಯಲ್ಲಿ 27 ಮೂಳೆಗಳಿವೆ. ಮಣಿಕಟ್ಟಿನಲ್ಲಿ ಎರಡು ಸಾಲಾಗಿ ಕೂತ 8 ಪುಟ್ಟ ಮೂಳೆಗಳು, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಮೂಳೆಗೆ ಮೂಳೆಯನ್ನು ಬಿಗಿಯುವ ಲಿಗಮೆಂಟುಗಳು, ಸ್ನಾಯುವಿನ ಎಳೆತವನ್ನು ಬೆರಳಿಗೆ ಮುಟ್ಟಿಸುವ ಟೆಂಡನ್‌ಗಳು, ನರಗಳು, ರಕ್ತನಾಳಗಳು ಇವುಗಳ ನಡುವೆ ಒತ್ತೊತ್ತಾಗಿ ಹಾದುಹೋಗುತ್ತವೆ. ಕೀಲಿನೊಳಗೆ ಮೂಳೆಗೆ ಹೊದಿಕೆಯಾಗಿರುವ ಮೃದ್ವಸ್ಥಿ ಹಲವೆಡೆ ಒಂದು ಮಿಲಿಮೀಟರಿಗಿಂತ ತೆಳು. ಕಿರುಬೆರಳಿನ ಕಡೆಗೆ, ಮುಂಗೈಯ ಅಲ್ನಾ ಮೂಳೆಯ ತುದಿಯಲ್ಲಿ ಮೆತ್ತೆಯಂತೆ ಕೂತಿರುವ ತ್ರಿಕೋನಾಕಾರದ ನಾರುತಟ್ಟೆಯ ದಪ್ಪ ಒಂದೆರಡು ಮಿಲಿಮೀಟರ್. ಬೀಗ ತಿರುಗಿಸುವಾಗ, ಒದ್ದೆ ಬಟ್ಟೆ ಹಿಂಡುವಾಗ ಮಣಿಕಟ್ಟಿನಲ್ಲಿ ಚುಳ್ಳೆನ್ನುವ ನೋವಿಗೆ ಎಷ್ಟೋ ಸಲ ಈ ತಟ್ಟೆಯಲ್ಲಿ ಬಿದ್ದ ಸಣ್ಣ ಸೀಳೇ ಮೂಲ. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ಎಂಆರ್‌ಐಯಲ್ಲಿ ಕಾಣಬಹುದು, ಕಾಣದೆಯೂ ಹೋಗಬಹುದು. ಯಂತ್ರ ಎಷ್ಟು ದೊಡ್ಡದು ಎಂಬುದಕ್ಕಿಂತ, ಕೈಯನ್ನು ಅದರೊಳಗೆ ಎಲ್ಲಿಟ್ಟರು, ಯಾವುದರಲ್ಲಿ ಇಟ್ಟರು, ಅದು ಎಷ್ಟು ಹೊತ್ತು ಅಲುಗದೆ ಇತ್ತು ಎಂಬುದೇ ಇದನ್ನು ಹೆಚ್ಚಾಗಿ ತೀರ್ಮಾನಿಸುತ್ತದೆ.

ಕೈಗೂ ಎಂಆರ್‌ಐಗೂ ಇರುವ ನಂಟು ಹಳೆಯದು. 1973ರಲ್ಲಿ ಅಮೆರಿಕದ ಪಾಲ್ ಲಾಟರ್ಬರ್ ನೀರು ತುಂಬಿದ ಎರಡು ಸಣ್ಣ ಕೊಳವೆಗಳ ಚಿತ್ರ ಪ್ರಕಟಿಸಿ ಈ ವಿದ್ಯೆಗೆ ದಾರಿ ತೆರೆದರು. 1977ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ ಮತ್ತು ಆಂಡ್ರ್ಯೂ ಮಾಡ್ಸ್ಲಿ ಜೀವಂತ ಬೆರಳಿನ ಅಡ್ಡಸೀಳಿನ ಚಿತ್ರ ತೆಗೆದರು, ಬೆರಳು ಮಾಡ್ಸ್ಲಿಯವರದೇ. ಅದೇ ವರ್ಷ ಅದೇ ವಿಶ್ವವಿದ್ಯಾಲಯದ ಹಿನ್ಷಾ, ಬಾಟಮ್ಲಿ ಮತ್ತು ಹಾಲೆಂಡ್ ಮಣಿಕಟ್ಟಿನ ಚಿತ್ರವೊಂದನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೈಯ ಮೇಲೆ ಅವರಿಗೆ ವಿಶೇಷ ಮಮತೆಯೇನೂ ಇರಲಿಲ್ಲ. ಆಗಿನ ಪ್ರಯೋಗಾಲಯದ ಅಯಸ್ಕಾಂತಗಳ ಸಂದಿಯಲ್ಲಿ ತೂರುತ್ತಿದ್ದದ್ದು ಬೆರಳು, ಹೆಚ್ಚೆಂದರೆ ಕೈ. ಮುಂದೆ ಇಡೀ ದೇಹ ಹಿಡಿಸುವ ಯಂತ್ರಗಳು ಬಂದವು. ಮೆದುಳು, ಬೆನ್ನುಹುರಿ, ಮಂಡಿ ಮುಂದಾದವು. ಮೊದಲು ಒಳಗೆ ಹೋದ ಕೈಗೆ ಕಡೆಗೆ ದಕ್ಕಿದ್ದು ತನ್ನ ಅಳತೆಗೆ ಹೊಲಿಯದ ಅಂಗಿ.

ಎಂಆರ್‌ಐ ನೋಡುವುದು ಹೈಡ್ರೋಜನ್ನನ್ನು. ದೇಹದ ನೀರಿನಲ್ಲೂ ಕೊಬ್ಬಿನಲ್ಲೂ ಹೇರಳವಾಗಿರುವ ಈ ಪರಮಾಣುವಿನ ನಡುವಿನ ಪ್ರೋಟಾನ್ ಒಂದು ಚಿಕ್ಕ ಅಯಸ್ಕಾಂತದಂತೆ ವರ್ತಿಸುತ್ತದೆ. ಬಲವಾದ ಕಾಂತಕ್ಷೇತ್ರದಲ್ಲಿಟ್ಟಾಗ ಪ್ರೋಟಾನ್‌ಗಳು ಕೆಲವು ಕ್ಷೇತ್ರದ ದಿಕ್ಕಿಗೆ, ಕೆಲವು ಅದರ ಎದುರು ದಿಕ್ಕಿಗೆ ವಾಲುತ್ತವೆ. ಎರಡು ಕಡೆಯ ಸಂಖ್ಯೆಯೂ ಹೆಚ್ಚುಕಡಿಮೆ ಒಂದೇ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದ ಕ್ಷೇತ್ರ ಭೂಮಿಯದಕ್ಕಿಂತ ಸುಮಾರು 30,000 ಪಟ್ಟು ಬಲವಾದದ್ದು. ಆದರೂ ಅದರಲ್ಲಿ ಹತ್ತು ಲಕ್ಷ ಪ್ರೋಟಾನ್‌ಗಳಿಗೆ ಐದರಷ್ಟು ಮಾತ್ರ ಕ್ಷೇತ್ರದ ಕಡೆಗೆ ಹೆಚ್ಚಿರುತ್ತವೆ. ಚಿತ್ರಕ್ಕೆ ಬೇಕಾದ ಸಂಕೇತವೆಲ್ಲ ಈ ಐದರಿಂದಲೇ ಬರಬೇಕು. ಸುಮಾರು 64 ಮೆಗಾಹರ್ಟ್ಸ್ ರೇಡಿಯೊ ತರಂಗ ಹಾಯಿಸಿ ಅವುಗಳನ್ನು ಕದಲಿಸಿದಾಗ ಅವು ಮರುದನಿಯಂತೆ ಅದೇ ಆವರ್ತನದ ಕ್ಷೀಣ ಸಂಕೇತ ಹೊಮ್ಮಿಸುತ್ತವೆ. ಅದನ್ನು ಹಿಡಿಯುವ ಆಂಟೆನಾಕ್ಕೆ ಕಾಯಿಲ್ ಎಂದು ಹೆಸರು. ಸಂಕೇತದ ಜೊತೆಗೆ ದೇಹದ ಮತ್ತು ಯಂತ್ರದ ವಿದ್ಯುತ್ ಗದ್ದಲವೂ ಕಾಯಿಲ್‌ಗೆ ಬೀಳುತ್ತದೆ. ಚಿತ್ರದ ಮೇಲೆ ರವೆ ಚೆಲ್ಲಿದಂತೆ ಕಾಣುವುದು ಈ ಗದ್ದಲವೇ.

ಚಿತ್ರದ ಒಂದೊಂದು ಚುಕ್ಕೆಯೂ ಅಂಗಾಂಶದ ಒಂದೊಂದು ಪುಟ್ಟ ಇಟ್ಟಿಗೆಯಿಂದ ಬಂದ ಸಂಕೇತ. ಮೆದುಳಿನ ಮಾಮೂಲಿ ಸ್ಕ್ಯಾನಿನಲ್ಲಿ ಈ ಇಟ್ಟಿಗೆ 0.9 ಮಿ.ಮೀ. ಉದ್ದ, ಅಷ್ಟೇ ಅಗಲ, 5 ಮಿ.ಮೀ. ದಪ್ಪ ಇದ್ದರೂ ನಡೆಯುತ್ತದೆ. ಗಾತ್ರ ಸುಮಾರು 4 ಘನ ಮಿ.ಮೀ. ಮಣಿಕಟ್ಟಿನ ಲಿಗಮೆಂಟ್ ಕಾಣಬೇಕಾದರೆ 0.3 ಮಿ.ಮೀ. ಉದ್ದಗಲ, 2 ಮಿ.ಮೀ. ದಪ್ಪಕ್ಕೆ ಇಳಿಯಬೇಕು, ಗಾತ್ರ 0.18 ಘನ ಮಿ.ಮೀ. ಅಂದರೆ ಒಂದು ಇಟ್ಟಿಗೆಯಲ್ಲಿರುವ ಪ್ರೋಟಾನ್‌ಗಳ ಸಂಖ್ಯೆ ಇಪ್ಪತ್ತರಲ್ಲೊಂದು ಪಾಲಿಗೆ ಕುಸಿಯುತ್ತದೆ, ಸಂಕೇತವೂ ಅಷ್ಟೇ ಕುಸಿಯುತ್ತದೆ. ನಷ್ಟ ತುಂಬಲು ಒಂದೇ ಅಳತೆಯನ್ನು ಮತ್ತೆಮತ್ತೆ ಮಾಡಿ ಸರಾಸರಿ ತೆಗೆಯಬಹುದು. ಆದರೆ ಇಲ್ಲಿನ ಬಡ್ಡಿ ದುಬಾರಿ. ಗದ್ದಲಕ್ಕೆ ಹೋಲಿಸಿದಾಗ ಸಂಕೇತ ಎರಡು ಪಟ್ಟಾಗಬೇಕಾದರೆ ಹೊತ್ತು ನಾಲ್ಕು ಪಟ್ಟು ಬೇಕು. ಇಟ್ಟಿಗೆಯ ಮೂರು ಅಳತೆಗಳನ್ನೂ ಅರ್ಧ ಮಾಡಿದರೆ ಸಂಕೇತ ಎಂಟರಲ್ಲೊಂದು ಪಾಲಾಗುತ್ತದೆ. ಅದನ್ನು ಹೊತ್ತಿನಿಂದಲೇ ತುಂಬಲು ಹೊರಟರೆ 64 ಪಟ್ಟು. 4 ನಿಮಿಷದ ಸ್ಕ್ಯಾನ್ 4 ಗಂಟೆ ಮೀರುತ್ತದೆ. ಸೂಕ್ಷ್ಮತೆ, ಸಂಕೇತ, ಹೊತ್ತು ಈ ಮೂರರಲ್ಲಿ ಒಂದನ್ನು ಹೆಚ್ಚಿಸಿದರೆ ಇನ್ನೊಂದನ್ನು ಬಿಟ್ಟುಕೊಡಲೇಬೇಕು. ಕೈಯ ಎಂಆರ್‌ಐ ಸುಧಾರಣೆಯೆಂದರೆ ಈ ಲೆಕ್ಕದಲ್ಲಿ ಎಲ್ಲೆಲ್ಲಿ ಸೋರಿಕೆಯಿದೆಯೋ ಅಲ್ಲಲ್ಲಿ ತಡೆಯುವ ಕೆಲಸ.

ಎಲ್ಲರಿಗೂ ಮೊದಲು ಹೊಳೆಯುವುದು ದೊಡ್ಡ ಅಯಸ್ಕಾಂತ. 1.5ರ ಬದಲು 3 ಟೆಸ್ಲಾ ಆದರೆ ಹತ್ತು ಲಕ್ಷಕ್ಕೆ ಐದಿದ್ದದ್ದು ಹತ್ತಾಗುತ್ತದೆ, ಸಂಕೇತ ಲೆಕ್ಕದಲ್ಲಿ ಇಮ್ಮಡಿಯಾಗುತ್ತದೆ. ಕೈಯ ಮಟ್ಟಿಗೆ ಇದು ನಿಜವಾದ ಲಾಭವೇ. ಸಾಧ್ಯವಿದ್ದಲ್ಲಿ ಮಣಿಕಟ್ಟಿಗೆ 3 ಟೆಸ್ಲಾ ಆರಿಸಿಕೊಳ್ಳುವುದು ವಾಡಿಕೆಯೂ ಹೌದು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 7 ಟೆಸ್ಲಾ ಯಂತ್ರವೊಂದನ್ನು ತಲೆ ಮತ್ತು ಕೈಕಾಲುಗಳ ಪರೀಕ್ಷೆಗೆ ಒಪ್ಪಿತು. ಆದರೆ ಕ್ಷೇತ್ರ ಬಲವಾದಂತೆ ಲೋಹದ ಸುತ್ತಲಿನ ವಿರೂಪ ಹೆಚ್ಚುತ್ತದೆ, ಕೊಬ್ಬು ಮತ್ತು ನೀರಿನ ಸಂಕೇತಗಳು ಒಂದರಿಂದೊಂದು ದೂರ ಸರಿಯುತ್ತವೆ, ಅಂಗಾಂಶ ಬಿಸಿಯಾಗುವ ಮಿತಿ ಬೇಗ ಎದುರಾಗುತ್ತದೆ. ಒಗ್ಗದ ಕಾಯಿಲ್‌ನಲ್ಲಿ, ಮೂಲೆಯಲ್ಲಿಟ್ಟು ತೆಗೆದ 3 ಟೆಸ್ಲಾ ಚಿತ್ರಕ್ಕಿಂತ ಒಳ್ಳೆಯ ಕಾಯಿಲ್‌ನಲ್ಲಿ ನಡುವಿಟ್ಟು ತೆಗೆದ 1.5 ಟೆಸ್ಲಾ ಚಿತ್ರವೇ ಮೇಲು. ಇದಕ್ಕೆ ತೀರ ವಿರುದ್ಧ ತುದಿಯಲ್ಲಿ, ರೋಗಿ ಕುರ್ಚಿಯಲ್ಲಿ ಕೂತು ಕೈಯೊಂದನ್ನೇ ಒಳಗೆ ಚಾಚುವ ಪುಟ್ಟ ಯಂತ್ರಗಳೂ ಇವೆ. ಅವುಗಳಲ್ಲಿ ಕೆಲವು ಬರೀ 0.2 ಟೆಸ್ಲಾದವು. ಸೂಕ್ಷ್ಮ ಲಿಗಮೆಂಟ್ ತೋರಿಸುವ ಶಕ್ತಿ ಇವಕ್ಕಿಲ್ಲ, ಆದರೆ ಸುರಂಗದೊಳಗೆ ಮಲಗಲು ಹೆದರುವವರ ಕೀಲುವಾತವನ್ನು ವರ್ಷವರ್ಷ ನೋಡಿಕೊಂಡು ಬರಲು ಸಾಕಾಗುತ್ತವೆ.

ನಿಜವಾದ ಗಳಿಕೆ ಕಾಯಿಲ್‌ನಲ್ಲಿದೆ. ಯಂತ್ರದ ಗೋಡೆಯೊಳಗೇ ಒಂದು ದೊಡ್ಡ ಕಾಯಿಲ್ ಇರುತ್ತದೆ. ಅದರಿಂದ ಕೈಯ ಸಂಕೇತ ಹಿಡಿಯುವುದೆಂದರೆ ಸಂತೆಯ ಇನ್ನೊಂದು ತುದಿಯಲ್ಲಿ ನಿಂತು ಒಬ್ಬರ ಪಿಸುಮಾತು ಕೇಳಿಸಿಕೊಂಡ ಹಾಗೆ. ಎದೆ, ಹೊಟ್ಟೆ, ತೋಳು ಎಲ್ಲದರ ಗದ್ದಲವೂ ಅದಕ್ಕೆ ಬೀಳುತ್ತದೆ. ಮಣಿಕಟ್ಟಿಗೆಂದೇ ಮಾಡಿದ ಕಾಯಿಲ್ ಕೈಯನ್ನು ಒತ್ತಾಗಿ ಸುತ್ತುವರಿಯುತ್ತದೆ, ಕೈಯನ್ನಷ್ಟೇ ಕೇಳಿಸಿಕೊಳ್ಳುತ್ತದೆ. ಸಣ್ಣ ಸುರುಳಿಯೊಂದು ಚೆನ್ನಾಗಿ ಹಿಡಿಯುವುದು ಹೆಚ್ಚುಕಡಿಮೆ ತನ್ನ ತ್ರಿಜ್ಯದಷ್ಟು ಆಳದವರೆಗೆ ಮಾತ್ರ. ಹೊಟ್ಟೆಯ ಮಟ್ಟಿಗೆ ಅದು ಕೊರತೆಯಾದರೆ, ಎಲ್ಲವೂ ಚರ್ಮದಡಿಯಲ್ಲೇ ಇರುವ ಕೈಗೆ ಅದೇ ವರ. ಒಂದೇ ಸುರುಳಿಯ ಬದಲು ಹಲವು ಸಣ್ಣ ಸುರುಳಿಗಳನ್ನು ಪಕ್ಕಪಕ್ಕ ಜೋಡಿಸಿ, ಒಂದೊಂದರ ಸಂಕೇತವನ್ನೂ ಬೇರೆಬೇರೆಯಾಗಿ ಪಡೆದು ಕೂಡಿಸುವ ವಿಧಾನವನ್ನು ಪೀಟರ್ ರೋಮರ್ ಮತ್ತು ಸಂಗಡಿಗರು 1990ರಲ್ಲಿ ವಿವರಿಸಿದರು. ಈಗಿನ 8 ಅಥವಾ 16 ಚಾನೆಲ್‌ಗಳ ಮಣಿಕಟ್ಟಿನ ಕಾಯಿಲ್‌ಗಳು ಅದರ ಸಂತಾನ. ಒಂದು ಬೆರಳಿನ ಕೀಲನ್ನೋ ನಾರುತಟ್ಟೆಯನ್ನೋ ಮಾತ್ರ ನೋಡಬೇಕಾದಾಗ ಕೆಲವೇ ಸೆಂಟಿಮೀಟರ್ ವ್ಯಾಸದ ಕಾಯಿಲ್‌ಗಳನ್ನೂ ಬಳಸಿದ್ದುಂಟು.

ಮಣಿಕಟ್ಟಿನ ಕಾಯಿಲ್ ಇಲ್ಲದ ಕಡೆ ಕೈಯನ್ನು ಮಂಡಿಯ ಕಾಯಿಲ್‌ನೊಳಗೆ ಇಡುವುದುಂಟು, ಬಗ್ಗುವ ಹಾಳೆಯಂಥ ಕಾಯಿಲ್ ಸುತ್ತುವುದೂ ಉಂಟು. ಪರವಾಗಿಲ್ಲ ಎನ್ನುವಂಥ ಚಿತ್ರ ಬರುತ್ತದೆ. ಆದರೆ ಮಂಡಿಯ ಕಾಯಿಲ್‌ನೊಳಗೆ ಕೈ ಕೊಡದಲ್ಲಿ ಬಿದ್ದ ಸೌಟಿನಂತೆ ಅತ್ತಿತ್ತ ವಾಲುತ್ತದೆ. ಸುತ್ತಲೂ ಮೆತ್ತೆ ತುಂಬಿ ಅದನ್ನು ನಟ್ಟನಡುವೆ ನಿಲ್ಲಿಸದಿದ್ದರೆ ಕಾಯಿಲ್ ಒಳ್ಳೆಯದಿದ್ದೂ ಉಪಯೋಗವಿಲ್ಲ.

ಮುಂದಿನದು ಭಂಗಿ. ಕೈಯ ಎಂಆರ್‌ಐಯ ಅತಿ ದೊಡ್ಡ ಇಕ್ಕಟ್ಟು ಇದೇ. ಯಂತ್ರದ ಕಾಂತಕ್ಷೇತ್ರ ಅತ್ಯಂತ ಸಮನಾಗಿರುವುದು ಸುರಂಗದ ನಟ್ಟನಡುವೆ. ಗೋಡೆಯ ಕಡೆಗೆ ಹೋದಂತೆಲ್ಲ ಅದು ಏರುಪೇರಾಗುತ್ತದೆ. ತಲೆ, ಬೆನ್ನು, ಹೊಟ್ಟೆ ತಾವಾಗಿಯೇ ನಡುವಿಗೆ ಬರುತ್ತವೆ. ಕೈ ಇರುವುದು ಪಕ್ಕದಲ್ಲಿ. ಅದನ್ನು ನಡುವಿಗೆ ತರಬೇಕಾದರೆ ರೋಗಿ ಬೋರಲು ಮಲಗಿ, ನೋಯುವ ಕೈಯನ್ನು ತಲೆಯಿಂದಾಚೆಗೆ ನೀಡಿ ಚಾಚಬೇಕು. ಸ್ಕ್ಯಾನ್ ಕೋಣೆಯ ಮಾತಿನಲ್ಲಿ ಇದು ‘ಸೂಪರ್‌ಮ್ಯಾನ್ ಭಂಗಿ’. ಹೆಸರೇನೋ ಗತ್ತಿನದು, ಅನುಭವ ಹಾಗಿಲ್ಲ. ಹತ್ತು ನಿಮಿಷಕ್ಕೆ ಭುಜ ಜೋಮು ಹಿಡಿಯುತ್ತದೆ, ಹದಿನೈದಕ್ಕೆ ಕತ್ತು ನೋಯುತ್ತದೆ. ಪೂರ್ತಿ ಪರೀಕ್ಷೆಗೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಭುಜದ ಕೀಲು ಬಿಗಿದುಕೊಂಡ ವಯಸ್ಸಾದವರು, ದಮ್ಮಿನವರು, ಗರ್ಭಿಣಿಯರು ಹೀಗೆ ಮಲಗಲಾರರು. ಮಲಗಿದವರೂ ಕೊನೆಕೊನೆಗೆ ತಮಗೆ ಗೊತ್ತಿಲ್ಲದಂತೆ ಭುಜ ಸಡಿಲಿಸುತ್ತಾರೆ, ಕೈ ಎರಡು ಮಿಲಿಮೀಟರ್ ಜಾರುತ್ತದೆ. 0.3 ಮಿ.ಮೀ. ಚುಕ್ಕೆಗಳ ಚಿತ್ರಕ್ಕೆ ಅದು ಭೂಕಂಪ.

ಇನ್ನೊಂದು ದಾರಿ ಅಂಗಾತ ಮಲಗಿ ಕೈಯನ್ನು ಪಕ್ಕಕ್ಕೆ ಇಟ್ಟುಕೊಳ್ಳುವುದು. ಆರಾಮವಾಗಿರುತ್ತದೆ, ಕೈ ಅಲುಗುವುದಿಲ್ಲ. ಆದರೆ ಅದು ಗೋಡೆಗೆ ಹತ್ತಿರ ಬರುತ್ತದೆ, ಕ್ಷೇತ್ರದ ಏರುಪೇರಿಗೆ ಸಿಕ್ಕಿಕೊಳ್ಳುತ್ತದೆ. ಈ ಎರಡರಲ್ಲಿ ಯಾವುದು ಮೇಲೆಂದು ಬರೀ ಭೌತಶಾಸ್ತ್ರವನ್ನು ಕೇಳಿದರೆ ಮೊದಲನೆಯದು. ರೋಗಿಯನ್ನು ಕೇಳಿದರೆ ಎರಡನೆಯದು. ಅನುಭವಿ ತಂತ್ರಜ್ಞರು ರೋಗಿಯ ಮಾತಿಗೇ ಹೆಚ್ಚು ಬೆಲೆ ಕೊಡುತ್ತಾರೆ, ಅದು ಸರಿಯೂ ಹೌದು: ನಡುವಿನಲ್ಲಿದ್ದು ಅಲುಗಿದ ಕೈಗಿಂತ ಬದಿಯಲ್ಲಿದ್ದು ಅಲುಗದ ಕೈಯ ಚಿತ್ರ ಓದಲು ಸುಲಭ. ಸುರಂಗದ ಬಾಯಿ 60 ಸೆಂ.ಮೀ. ಬದಲು 70 ಸೆಂ.ಮೀ. ಇರುವ ಯಂತ್ರಗಳಲ್ಲಿ ಒಂದು ಉಪಾಯವೂ ಉಂಟು. ರೋಗಿಯನ್ನು ಮೇಜಿನ ಇನ್ನೊಂದು ಅಂಚಿಗೆ ಸರಿಸಿ ಮಲಗಿಸಿದರೆ ಕೈ ಅಷ್ಟರಮಟ್ಟಿಗೆ ನಡುವಿಗೆ ಬರುತ್ತದೆ. ಸಪೂರ ಮೈಯವರಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ಅಲುಗಾಟ ತಡೆಯುವ ಸಾಮಗ್ರಿ ಅಗ್ಗದ್ದು: ಸ್ಪಂಜಿನ ತುಂಡುಗಳು, ಪಟ್ಟಿ, ಮರಳಿನ ಚೀಲ. ಕೈಯ ಜೊತೆಗೆ ಮೊಣಕೈ ಮತ್ತು ಭುಜಕ್ಕೂ ಆಸರೆ ಕೊಡಬೇಕು, ಯಾಕೆಂದರೆ ಅಲುಗಾಟ ಹುಟ್ಟುವುದು ಅಲ್ಲಿ. ಮಲಗುವ ಮುಂಚೆ ಮೂತ್ರಕ್ಕೆ ಹೋಗಿಬರಲು ಹೇಳುವುದು, ತಣ್ಣಗಿನ ಕೋಣೆಯಲ್ಲಿ ಹೊದಿಕೆ ಕೊಡುವುದು, ಯಂತ್ರ ಎಷ್ಟು ಹೊತ್ತು ಬಡಿಯುತ್ತದೆ, ಯಾವಾಗ ಬಿಡುವು ಸಿಗುತ್ತದೆ ಎಂದು ಮೊದಲೇ ತಿಳಿಸುವುದು ಇವೆಲ್ಲ ಚಿತ್ರದ ಗುಣಮಟ್ಟದ ಕೆಲಸಗಳೇ. ಅತಿ ಮುಖ್ಯ ಚಿತ್ರಸರಣಿಯನ್ನು ಮೊದಲು ತೆಗೆದುಬಿಡುವುದು ಇನ್ನೊಂದು ಜಾಣತನ. ಸಹನೆ ಮುಗಿಯುವಷ್ಟರಲ್ಲಿ ಬೇಕಾದದ್ದು ಕೈಸೇರಿರುತ್ತದೆ.

ಕೈ ಹೇಗೆ ತಿರುಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅಂಗೈ ಕೆಳಗಾದಾಗ ರೇಡಿಯಸ್ ಮೂಳೆಗೆ ಹೋಲಿಸಿದರೆ ಅಲ್ನಾ ತುಸು ಉದ್ದವಾದಂತೆ ಮುಂದೆ ಬರುತ್ತದೆ, ಅಂಗೈ ಮೇಲಾದಾಗ ಹಿಂದೆ ಸರಿಯುತ್ತದೆ. ಕಿರುಬೆರಳ ಬದಿಯ ನೋವಿನಲ್ಲಿ ವೈದ್ಯರು ಅಳೆಯುವುದು ಈ ಉದ್ದದ ಅಂತರವನ್ನೇ. ಆದ್ದರಿಂದ ಭಂಗಿ ಪ್ರತಿ ಸಲವೂ ಒಂದೇ ಆಗಿರಬೇಕು. ಮಣಿಕಟ್ಟು ಮುಂಗೈಯ ನೇರಕ್ಕೆ ಇರಬೇಕು, ಹೆಬ್ಬೆರಳ ಕಡೆಗೋ ಕಿರುಬೆರಳ ಕಡೆಗೋ ವಾಲಬಾರದು.

ಕೈ ಇಟ್ಟಾದ ಮೇಲೆ ಎದುರಾಗುವುದು ಕೊಬ್ಬು. ಮೂಳೆಯ ಮಜ್ಜೆಯಲ್ಲೂ ಚರ್ಮದ ಕೆಳಗೂ ಇರುವ ಕೊಬ್ಬು ಹಲವು ಚಿತ್ರಗಳಲ್ಲಿ ಬೆಳ್ಳಗೆ ಹೊಳೆಯುತ್ತದೆ. ಪೆಟ್ಟು ಬಿದ್ದಲ್ಲಿ, ಉರಿಯೂತವಿದ್ದಲ್ಲಿ ಸೇರುವ ನೀರೂ ಬೆಳ್ಳಗೆ. ಬಿಳಿಯೊಳಗೆ ಬಿಳಿಯನ್ನು ಹುಡುಕಲಾಗದು. ಕೊಬ್ಬಿನ ಸಂಕೇತವನ್ನು ಅಡಗಿಸಿದರೆ ಮಾತ್ರ ನೀರು ಎದ್ದು ಕಾಣುತ್ತದೆ. ಕೊಬ್ಬಿನ ಪ್ರೋಟಾನ್‌ಗಳು ನೀರಿನವಕ್ಕಿಂತ ಹತ್ತು ಲಕ್ಷಕ್ಕೆ ಸುಮಾರು 3.5ರಷ್ಟು ನಿಧಾನವಾಗಿ ಕಂಪಿಸುತ್ತವೆ, 1.5 ಟೆಸ್ಲಾದಲ್ಲಿ ಇದು ಸುಮಾರು 220 ಹರ್ಟ್ಸ್. ಆ ಆವರ್ತನಕ್ಕೆ ಗುರಿಯಿಟ್ಟು ಕೊಬ್ಬನ್ನಷ್ಟೇ ಅಡಗಿಸುವುದು ಸಾಮಾನ್ಯ ಕ್ರಮ. ತೊಂದರೆ ಬರುವುದು ಕೈಯ ಆಕಾರದಿಂದ. ಗಾಳಿಗೂ ಅಂಗಾಂಶಕ್ಕೂ ಕಾಂತಗುಣದಲ್ಲಿರುವ ಅಂತರ ಹತ್ತು ಲಕ್ಷಕ್ಕೆ ಸುಮಾರು 9. ಬೆರಳು, ಸಂದು, ಮತ್ತೆ ಬೆರಳು ಎಂದು ಹೋಗುವ ಕೈಯಲ್ಲಿ ಗಾಳಿ ಮತ್ತು ಮಾಂಸದ ಗಡಿಗಳು ಹೆಜ್ಜೆಹೆಜ್ಜೆಗೂ ಇವೆ, ಪ್ರತಿ ಗಡಿಯಲ್ಲೂ ಕ್ಷೇತ್ರ ಒಂದಿಷ್ಟು ಸೊಟ್ಟಗಾಗುತ್ತದೆ. ಅಲ್ಲಿ ಕೊಬ್ಬು ನೀರಿನ ಆವರ್ತನಕ್ಕೆ ಜಾರುತ್ತದೆ, ನೀರು ಕೊಬ್ಬಿನ ಆವರ್ತನಕ್ಕೆ. ಗುರಿ ತಪ್ಪಿ ಕೊಬ್ಬು ಬೆಳ್ಳಗೇ ಉಳಿಯುತ್ತದೆ, ಇಲ್ಲವೇ ನೀರೇ ಅಡಗುತ್ತದೆ. ಮೊದಲನೆಯದು ಇಲ್ಲದ ಬಾವನ್ನು ತೋರಿಸುತ್ತದೆ, ಎರಡನೆಯದು ಇರುವ ಬಾವನ್ನು ಮುಚ್ಚಿಡುತ್ತದೆ.

ಇದಕ್ಕೊಂದು ಪರಿಹಾರ ಅಡುಗೆಮನೆಯಿಂದಲೇ ಬಂದಿದೆ. 2010ರ ಸುಮಾರಿಗೆ ಜಪಾನಿನ ಸಂಶೋಧಕರು ಅಕ್ಕಿ ತುಂಬಿದ ಚೀಲಗಳನ್ನು ಕತ್ತು, ಭುಜ, ಮೊಣಕೈಗಳಿಗೆ ಒತ್ತಿಟ್ಟು ಪರೀಕ್ಷಿಸಿದರು. ಅಕ್ಕಿಯ ಕಾಂತಗುಣ ಗಾಳಿಗಿಂತ ಅಂಗಾಂಶಕ್ಕೆ ಹತ್ತಿರ. ಒಣ ಕಾಳಿನೊಳಗಿನ ನೀರಿನ ಸಂಕೇತ ಹುಟ್ಟಿದೊಡನೆ ಸಾಯುವುದರಿಂದ ಚೀಲ ಚಿತ್ರದಲ್ಲಿ ಕಾಣಿಸಿಕೊಳ್ಳುವುದೂ ಇಲ್ಲ. ಸಂದುಗೊಂದುಗಳಲ್ಲಿ ಗಾಳಿಯ ಜಾಗವನ್ನು ಅಕ್ಕಿ ತುಂಬಿತು. ಕ್ಷೇತ್ರ ಸಮನಾಯಿತು, ಕೊಬ್ಬು ಒಂದೇ ಹದದಲ್ಲಿ ಅಡಗಿತು. ಇದೇ ಕೆಲಸಕ್ಕೆ ವಿಶೇಷ ದ್ರವ ತುಂಬಿದ ದಿಂಬುಗಳೂ ಸಿಗುತ್ತವೆ, ಬೆಲೆ ಮಾತ್ರ ಅಕ್ಕಿಯದಲ್ಲ. ಬೆರಳುಗಳ ನಡುವೆ ಸುರಿದು ಕಟ್ಟುವಂಥ ಚೀಲ ಕೈಯನ್ನು ಅಲುಗದಂತೆ ಹಿಡಿಯುತ್ತದೆ ಎಂಬುದು ಬೋನಸ್ಸು.

ಆವರ್ತನವನ್ನು ನೆಚ್ಚಿಕೊಳ್ಳದ ವಿಧಾನಗಳೂ ಇವೆ. ಸ್ಟಿರ್ ಎಂಬುದು ಕೊಬ್ಬು ನೀರಿಗಿಂತ ಬೇಗ ಚೇತರಿಸಿಕೊಳ್ಳುವ ಗುಣವನ್ನು ಬಳಸುತ್ತದೆ. ಕ್ಷೇತ್ರ ಏರುಪೇರಾದರೂ ಇದು ಕೆಡುವುದಿಲ್ಲ. ಆದರೆ ಸಂಕೇತ ಕಡಿಮೆ, ಅಲ್ಲದೆ ಅಂಗಾಂಶ ಬೆಳಗಿ ಕಾಣಲೆಂದು ಕೊಡುವ ಗ್ಯಾಡೊಲಿನಿಯಂ ಚುಚ್ಚುಮದ್ದಿನ ಮೇಲೆ ಬಳಸುವಂತಿಲ್ಲ, ಮದ್ದು ಏರಿದ ಅಂಗಾಂಶವೂ ಕೊಬ್ಬಿನ ಜೊತೆಗೇ ಅಳಿಸಿಹೋಗುತ್ತದೆ. ಥಾಮಸ್ ಡಿಕ್ಸನ್ 1984ರಲ್ಲಿ ತೋರಿಸಿದ ವಿಧಾನ ಕೊಬ್ಬು ಮತ್ತು ನೀರು ಒಂದೇ ಹೆಜ್ಜೆಯಲ್ಲಿದ್ದಾಗ ಒಮ್ಮೆ, ವಿರುದ್ಧ ಹೆಜ್ಜೆಯಲ್ಲಿದ್ದಾಗ ಒಮ್ಮೆ ಚಿತ್ರ ತೆಗೆದು, ಕೂಡಿ ಕಳೆದು ಎರಡನ್ನೂ ಬೇರ್ಪಡಿಸುತ್ತದೆ. ಬೆರಳುಗಳಿಗೂ, ಬದಿಯಲ್ಲಿಟ್ಟ ಕೈಗೂ ಇದರಷ್ಟು ನೆಚ್ಚಬಹುದಾದದ್ದು ಇನ್ನೊಂದಿಲ್ಲ.

ಚಿತ್ರ ನಿಚ್ಚಳವಾಗಿದ್ದೂ ಸುಳ್ಳು ಹೇಳುವ ಸಂದರ್ಭಗಳಿವೆ. ಆರೋಗ್ಯವಂತ ಟೆಂಡನ್ ಎಂಆರ್‌ಐಯಲ್ಲಿ ಕಪ್ಪಗಿರಬೇಕು. ಹರಿದದ್ದು, ಊದಿದ್ದು ಬೆಳ್ಳಗಾಗುತ್ತದೆ. ಆದರೆ ಟೆಂಡನ್‌ನ ನಾರುಗಳು ಯಂತ್ರದ ಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಕೋನದಲ್ಲಿ ಓರೆಯಾದಾಗ, ಅವುಗಳಿಗೆ ಅಂಟಿದ ನೀರಿನ ಸಂಕೇತ ಬೇಗ ಸಾಯದೆ ಉಳಿದು, ಆರೋಗ್ಯವಂತ ಟೆಂಡನ್ನೂ ಬೆಳ್ಳಗೆ ಕಾಣುತ್ತದೆ. ಇದಕ್ಕೆ ಮಾಯಾಕೋನ ಎಂದೇ ಹೆಸರು. ಮುಂಗೈಯ ಹಿಂಬದಿಯಿಂದ ಓರೆಯಾಗಿ ಹೆಬ್ಬೆರಳಿಗೆ ಹೊರಳುವ ಟೆಂಡನ್ ಈ ಬಲೆಗೆ ಪದೇಪದೇ ಬೀಳುತ್ತದೆ. ಸಂಕೇತವನ್ನು ತುಸು ತಡವಾಗಿ, 40 ಮಿಲಿಸೆಕೆಂಡಿನ ಆಚೆಗೆ ಹಿಡಿದರೆ ಮಾಯೆ ಕರಗುತ್ತದೆ, ನಿಜವಾದ ಹರುಕು ಉಳಿಯುತ್ತದೆ. ಅನುಮಾನ ಬಂದಾಗ ಕೈಯ ಕೋನ ಬದಲಿಸಿ ಇನ್ನೊಮ್ಮೆ ನೋಡುವುದೂ ಉಂಟು.

ರಕ್ತದ ಓಟವೂ ಹೀಗೆಯೇ ಕಾಡುತ್ತದೆ. ನಾಡಿ ಮಿಡಿದಾಗಲೆಲ್ಲ ಮಣಿಕಟ್ಟಿನ ಧಮನಿಯ ಸಂಕೇತ ಬದಲಾಗಿ, ಅದರ ಛಾಯೆಗಳು ಚಿತ್ರದ ಉದ್ದಕ್ಕೂ ಸಾಲಾಗಿ ಬೀಳುತ್ತವೆ. ಹರಿಯುವ ದ್ರವ ನಿಂತ ದ್ರವದಂತೆ ಸಂಕೇತ ಕೊಡುವುದಿಲ್ಲ ಎಂಬುದನ್ನು ಮೊದಲು ಅಳೆದು ತೋರಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಒಬ್ಬರು, ಅವರ ಪ್ರಬಂಧ ಪ್ರಕಟವಾದದ್ದು 1951ರಲ್ಲಿ, ಎಂಆರ್‌ಐ ಎಂಬ ಕಲ್ಪನೆ ಹುಟ್ಟುವುದಕ್ಕೆ ಎರಡು ದಶಕ ಮೊದಲು. ಹರಿವಿನ ಆ ಗುಣವೇ ಇಂದು ರಕ್ತನಾಳಗಳ ಚಿತ್ರ ತೆಗೆಯಲು ಬಳಕೆಯಾಗುತ್ತದೆ. ಲಿಗಮೆಂಟ್ ನೋಡುವವರಿಗೆ ಮಾತ್ರ ಅದು ಕಿರಿಕಿರಿ. ಮುಂಗೈಯ ಕಡೆಯಿಂದ ಬರುವ ರಕ್ತದ ಸಂಕೇತವನ್ನು ಮೊದಲೇ ಅಡಗಿಸುವ ಪಟ್ಟಿಯೊಂದನ್ನು ಹಾಕಿ, ಛಾಯೆಗಳು ಬೀಳುವ ದಿಕ್ಕನ್ನು ಬದಲಿಸಿ ಇದನ್ನು ನಿಭಾಯಿಸುತ್ತಾರೆ.

ಕೈಯೆಂದ ಮೇಲೆ ಉಂಗುರ, ಬಳೆ, ಕಡಗ ಇದ್ದೇ ಇರುತ್ತವೆ. ಚಿನ್ನವನ್ನು ಅಯಸ್ಕಾಂತ ಎಳೆಯುವುದಿಲ್ಲ ಎಂಬ ಧೈರ್ಯದಲ್ಲಿ ಉಂಗುರ ಉಳಿಸಿಕೊಳ್ಳಲು ಕೇಳುವವರು ಬಹಳ. ಎಳೆಯದಿರುವುದು ನಿಜ. ಆದರೆ ಉಂಗುರವೆಂದರೆ ಮುಚ್ಚಿದ ವಿದ್ಯುತ್ ಸುರುಳಿ. ಬದಲಾಗುವ ಕ್ಷೇತ್ರ ಅದರಲ್ಲಿ ವಿದ್ಯುತ್ ಹರಿಸುತ್ತದೆ, ಲೋಹ ಬಿಸಿಯಾಗಬಹುದು, ಸುತ್ತಲಿನ ಚಿತ್ರವಂತೂ ಕೆಡುತ್ತದೆ. ಬಿಗಿಯಾದ ಉಂಗುರವನ್ನು ಮನೆಯಲ್ಲೇ ಸೋಪು ಹಚ್ಚಿ ತೆಗೆದು ಬಂದರೆ ಎಲ್ಲರಿಗೂ ಕ್ಷೇಮ. ಬರಿಗೈಯಲ್ಲೂ ಒಂದು ಎಚ್ಚರ ಬೇಕು: ಕೈ ತೊಡೆಗೋ ಇನ್ನೊಂದು ಕೈಗೋ ನೇರವಾಗಿ ತಾಗಿದರೆ ದೇಹವೇ ಒಂದು ಸುರುಳಿಯಾಗಿ ತಾಗಿದ ಜಾಗ ಸುಡಬಹುದು. ನಡುವೆ ಒಣಬಟ್ಟೆ ಅಥವಾ ಸ್ಪಂಜು ಇಡುವುದು ಅದಕ್ಕೇ.

ಹಿಂದಿನ ಶಸ್ತ್ರಚಿಕಿತ್ಸೆಯ ತಂತಿ, ತಿರುಪು, ಪಟ್ಟಿಗಳನ್ನು ತೆಗೆದಿಡಲಾಗದು. ಅವುಗಳ ಸುತ್ತ ಕ್ಷೇತ್ರ ಮುರಿದು ಚಿತ್ರದಲ್ಲಿ ಕಪ್ಪು ಗುಳಿ ಬೀಳುತ್ತದೆ. ಸ್ಟೀಲಿಗಿಂತ ಟೈಟಾನಿಯಂನ ಗುಳಿ ಚಿಕ್ಕದು. 3 ಟೆಸ್ಲಾಕ್ಕಿಂತ 1.5ರಲ್ಲಿ ಚಿಕ್ಕದು. ದೊಡ್ಡ ಯಂತ್ರ ಬಿಟ್ಟು ಸಣ್ಣದಕ್ಕೆ ಬರುವುದೇ ಬುದ್ಧಿವಂತಿಕೆಯಾಗುವ ಸಂದರ್ಭವಿದು. ಕೊಬ್ಬು ಅಡಗಿಸಲು ಸ್ಟಿರ್ ಬಳಸಿ, ಸಂಕೇತವನ್ನು ಹೆಚ್ಚು ವೇಗವಾಗಿ ಓದಿದರೆ ಗುಳಿ ಇನ್ನಷ್ಟು ಕುಗ್ಗುತ್ತದೆ.

ಇಷ್ಟೆಲ್ಲ ಸರಿಯಾದರೂ ಪ್ರಶ್ನೆ ಸರಿಯಿಲ್ಲದಿದ್ದರೆ ಉತ್ತರ ಸಿಗುವುದಿಲ್ಲ. ವೈದ್ಯರ ಚೀಟಿಯಲ್ಲಿ ‘ಕೈಯ ಎಂಆರ್‌ಐ’ ಎಂದಷ್ಟೇ ಇದ್ದರೆ ತಂತ್ರಜ್ಞರು ಮಣಿಕಟ್ಟಿನಿಂದ ಬೆರಳ ತುದಿಯವರೆಗೂ ಹಿಡಿಯುವಂತೆ ಚೌಕಟ್ಟು ಹಿಗ್ಗಿಸುತ್ತಾರೆ, ಅಷ್ಟೇ ಚುಕ್ಕೆಗಳು 10 ಸೆಂ.ಮೀ. ಬದಲು 20 ಸೆಂ.ಮೀ.ಗೆ ಹರಡಿ ಎಲ್ಲವೂ ಮಸುಕಾಗುತ್ತದೆ. ಬೈಕಿನಿಂದ ಬಿದ್ದು ಕೈಯೂರಿದವರಲ್ಲಿ ಹುಡುಕುವುದು ಹೆಬ್ಬೆರಳ ಬುಡದ ಸ್ಕೇಫಾಯ್ಡ್ ಮೂಳೆಯ ಬಿರುಕನ್ನು. ದೋಣಿಯಾಕಾರದ ಈ ಮೂಳೆಗೆ ರಕ್ತ ಬರುವುದು ಹೆಚ್ಚಾಗಿ ಬೆರಳಿನ ಕಡೆಯಿಂದ. ಬಿರುಕು ಬಿಟ್ಟಾಗ ಮುಂಗೈ ಕಡೆಯ ತುಂಡು ರಕ್ತವಿಲ್ಲದೆ ಸಾಯಬಹುದು. ಮೊದಲ ದಿನದ ಎಕ್ಸ್‌ರೇಗೆ ಬಿರುಕು ತಪ್ಪಿಸಿಕೊಳ್ಳುವುದು ಅಪರೂಪವಲ್ಲ. ಇಂಥ ಅನುಮಾನದಲ್ಲಿ ಎಂಆರ್‌ಐಯನ್ನೇ ಮೊದಲ ಪರೀಕ್ಷೆಯಾಗಿ ಪರಿಗಣಿಸಬಹುದೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಹೇಳಿತು. ಇದಕ್ಕೆ ಅತಿ ಸೂಕ್ಷ್ಮ ಚಿತ್ರ ಬೇಕಿಲ್ಲ. ಕೊಬ್ಬು ಅಡಗಿಸಿದ ಒಂದು ಸರಣಿ, ಅಡಗಿಸದ ಒಂದು ಸರಣಿ, ಹದಿನೈದು ನಿಮಿಷದೊಳಗೆ ಕೆಲಸ ಮುಗಿಯುತ್ತದೆ.

ಹೆಬ್ಬೆರಳು ಉಳಿದ ನಾಲ್ಕರ ಸಾಲಿಗೆ ಸೇರದ್ದು, ಅವುಗಳಿಗೆ ಎದುರಾಗಿ ತಿರುಗಿದ್ದು. ಅದರ ಬುಡದ ಲಿಗಮೆಂಟ್ ಹರಿದಿದೆಯೇ ಎಂದು ನೋಡಲು ಚಿತ್ರದ ಸಮತಲಗಳನ್ನು ಹೆಬ್ಬೆರಳಿಗೆ ತಕ್ಕಂತೆ ಹೊಸದಾಗಿ ಹಾಕಬೇಕು. ಅಂಗೈಗೆ ಹಾಕಿದ ಸಮತಲದಲ್ಲಿ ಅದು ಓರೆಯಾಗಿ ತುಂಡಾಗುತ್ತದೆ. ಸ್ಕೇಫಾಯ್ಡ್ ಮತ್ತು ಅದರ ಪಕ್ಕದ ಲ್ಯೂನೇಟ್ ಮೂಳೆಯನ್ನು ಕಟ್ಟುವ ಲಿಗಮೆಂಟ್‌ಗೆ ತೆಳು ಪದರಗಳು ಬೇಕು. ಅಲ್ಲೂ ಸಂದೇಹ ಉಳಿದರೆ ಕೀಲಿನೊಳಗೆ ತೆಳುಮಾಡಿದ ಗ್ಯಾಡೊಲಿನಿಯಂ ತುಂಬಿ ನೋಡುತ್ತಾರೆ. ಬೆರಳುಗಳಿಗೆ ತೂಕ ಕಟ್ಟಿ ಕೀಲನ್ನು ತುಸು ಎಳೆದು ಹಿಡಿದರೆ ಮದ್ದು ಸೀಳಿನೊಳಗೆ ಇಳಿದು ದಾರಿ ತೋರುತ್ತದೆ. ಕೀಲುವಾತದಲ್ಲಿ ಮದ್ದು ರಕ್ತಕ್ಕೆ ಹೋಗುತ್ತದೆ, ಉರಿಯುವ ಕೀಲಿನ ಒಳಪೊರೆ ಬೆಳಗುತ್ತದೆ. ಮೂತ್ರಪಿಂಡ ತೀರ ಕುಗ್ಗಿದವರಲ್ಲಿ ಮಾತ್ರ ಎಚ್ಚರ ಬೇಕು. ಇವೆಲ್ಲಕ್ಕಿಂತ ಅಗ್ಗದ ಸಹಾಯ ವಿಟಮಿನ್ ಇ ಗುಳಿಗೆ. ರೋಗಿ ಬೆರಳಿಟ್ಟು ತೋರಿಸಿದ ನೋವಿನ ಜಾಗಕ್ಕೆ ಒಂದು ಗುಳಿಗೆಯನ್ನು ಅಂಟಿಸಿದರೆ ಅದರೊಳಗಿನ ಎಣ್ಣೆ ಚಿತ್ರದಲ್ಲಿ ಬೆಳ್ಳಗೆ ಹೊಳೆದು, ವರದಿ ಬರೆಯುವವರ ಕಣ್ಣನ್ನು ನೇರ ಅಲ್ಲಿಗೇ ಒಯ್ಯುತ್ತದೆ.

ಹೊತ್ತಿನ ಲೆಕ್ಕವನ್ನು ಇನ್ನೊಂದು ಬದಿಯಿಂದ ಮುರಿಯಲು ಗಣಿತ ಬಂದಿದೆ. ಹಲವು ಸುರುಳಿಗಳು ಒಂದೇ ಕೈಯನ್ನು ಬೇರೆಬೇರೆ ಕಡೆಯಿಂದ ಕೇಳುತ್ತಿರುವಾಗ ಎಲ್ಲ ಅಳತೆಗಳನ್ನೂ ಮಾಡಬೇಕಿಲ್ಲ. ಒಂದಷ್ಟನ್ನು ಬಿಟ್ಟು, ಸುರುಳಿಗಳ ಸ್ಥಾನದ ಅರಿವಿನಿಂದ ತುಂಬಿಕೊಳ್ಳಬಹುದು. 1999ರಿಂದ 2002ರ ನಡುವೆ ರೂಪುಗೊಂಡ ಈ ವಿಧಾನಗಳು ಈಗ ಎಲ್ಲೆಡೆ ಬಳಕೆಯಲ್ಲಿವೆ. ಬಿಟ್ಟ ಅಳತೆಗಳಿಗೆ ತಕ್ಕಂತೆ ಸಂಕೇತವೂ ಸೊರಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಮೊದಲೇ ಬಡವಾದ ಕೈಯ ಚಿತ್ರದಲ್ಲಿ ಕೈಬಿಚ್ಚಿ ಬಿಡಲಾಗದು. 2007ರಲ್ಲಿ ಲಸ್ಟಿಗ್, ಡೊನೊಹೊ ಮತ್ತು ಪಾಲಿ ಮುಂದಿಟ್ಟ ಸಂಪೀಡಿತ ಅಳತೆಯ ವಿಧಾನ ಇನ್ನಷ್ಟು ಉಳಿಸಿತು. ಈಚೆಗೆ, ಸಾವಿರಾರು ಚಿತ್ರಗಳಿಂದ ಕಲಿತ ಕೃತಕ ಬುದ್ಧಿಮತ್ತೆ ಅರೆಬರೆ ಅಳತೆಯಿಂದ ಗದ್ದಲವಿಲ್ಲದ ಚಿತ್ರ ಕಟ್ಟಿಕೊಡುತ್ತಿದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯ ಮತ್ತು ಫೇಸ್‌ಬುಕ್ 2018ರಲ್ಲಿ ಆರಂಭಿಸಿದ ಫಾಸ್ಟ್ ಎಂಆರ್‌ಐ ಯೋಜನೆ ಮೊದಲು ಹಿಡಿದದ್ದು ಮಂಡಿಯನ್ನು. ಕೈಗೆ ಇದರಿಂದ ಆಗುವ ಉಪಕಾರ ಸಣ್ಣದಲ್ಲ: 4 ನಿಮಿಷದ ಸರಣಿ 2 ನಿಮಿಷಕ್ಕೆ ಇಳಿದರೆ ಸೂಪರ್‌ಮ್ಯಾನ್ ಭಂಗಿಯೂ ಸಹ್ಯವಾಗುತ್ತದೆ. ಆದರೆ ನುಣ್ಣಗೆ ಕಾಣುವುದೆಲ್ಲ ನಿಜವಲ್ಲ. ಅರ್ಧ ಮಿಲಿಮೀಟರಿನ ಸೀಳನ್ನು ಗದ್ದಲವೆಂದು ತಿಳಿದು ಒರೆಸಿಬಿಡುವ, ಇಲ್ಲದ ಅಂಚನ್ನು ಬರೆದುಬಿಡುವ ಅಪಾಯ ಈ ವಿಧಾನಗಳಲ್ಲಿದೆ. ಅಲುಗಿದ ಕೈಯನ್ನು ಇವು ಅಲುಗದ ಕೈ ಮಾಡಿಕೊಡುವುದೂ ಇಲ್ಲ.

ಹಾಗಾಗಿ ಒಳ್ಳೆಯ ಸ್ಕ್ಯಾನ್ ಕೋಣೆಗಳಲ್ಲಿ ರೋಗಿ ಮೇಜಿನಿಂದ ಏಳುವ ಮುಂಚೆಯೇ ಪರದೆಯ ಮೇಲೆ ಚಿತ್ರಗಳನ್ನು ಒಂದು ಸುತ್ತು ನೋಡುತ್ತಾರೆ. ಮೂಳೆಯ ಅಂಚು ಎರಡೆರಡಾಗಿ ಕಂಡರೆ ಕೈ ಅಲುಗಿದೆ. ಬೆರಳ ಬದಿಯ ಕೊಬ್ಬು ಅಲ್ಲಲ್ಲಿ ಬೆಳ್ಳಗೆ ಉಳಿದಿದ್ದರೆ ಕ್ಷೇತ್ರ ಸಮನಿಲ್ಲ. ಸೊಂಟದ ನೆರಳು ಅಂಗೈಯ ಮೇಲೆ ಮಡಿಚಿ ಬಿದ್ದಿದ್ದರೆ ಚೌಕಟ್ಟು ಕಿರಿದಾಗಿದೆ. ಯಾವ ಸರಣಿ ಕೆಟ್ಟಿದೆಯೋ ಅದೊಂದನ್ನೇ, ಮೆತ್ತೆ ಸರಿಪಡಿಸಿ, ಭುಜಕ್ಕೆ ಎರಡು ನಿಮಿಷ ಬಿಡುವು ಕೊಟ್ಟು, ಮತ್ತೆ ತೆಗೆಯುತ್ತಾರೆ.